ವಿಂಡೋಸ್‌ನಿಂದ ಲಿನಕ್ಸ್‌ಗೆ: ಹಳೆಯ ಕಂಪ್ಯೂಟರ್, ಎರಡು ಭಾಷೆ, ಒಂದಿಷ್ಟು ಆಟ

ಮಂದ್ರೂಪ: ಸೋಲಾಪುರ-ವಿಜಯಪುರ ಹೆದ್ದಾರಿಯ ಮೇಲಿನ ಮಂದ್ರೂಪವಿರಲಿ, ಅಕ್ಕಲಕೋಟ ತಾಲ್ಲೂಕಿನ ಹಳ್ಳಿಗಳಿರಲಿ, ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಅಪ್ಪನಿಗೆ ಅದರಲ್ಲಿ ಸಾತ್‌ಬಾರಾ ಉತಾರಾ ಬೇಕು, ಮಗಳಿಗೆ ಬಾಲಭಾರತಿಯ ಪುಸ್ತಕ ಬೇಕು, ಮಗನಿಗೆ ಶಾಲೆ ಬಿಟ್ಟ ಮೇಲೆ ತಾಸು ಹೊತ್ತು ಆಟ ಬೇಕು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದಿನಿಂದ ಇಂಥ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದಿದೆ. ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಬೇಕೇ? ಅಥವಾ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಇನ್ನು ಕೆಲವು ವರ್ಷ ನಡೆಸಬಹುದೇ?

ಬಹಳಷ್ಟು ಮನೆಗಳಿಗೆ ನಡೆಸಬಹುದು ಎಂಬುದೇ ಉತ್ತರ. ಆದರೆ ಒಂದೇ ಏಟಿಗೆ ವಿಂಡೋಸ್ ಅಳಿಸಿ ಹಾಕಬಾರದು. ಮನೆಯವರು ಕಂಪ್ಯೂಟರ್‌ನಲ್ಲಿ ಮಾಡುವ ಕೆಲಸಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಒಂದೊಂದನ್ನೇ ಪರೀಕ್ಷಿಸಿ ಮುಂದುವರಿಯಬೇಕು. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ವಿಂಡೋಸ್ 10ಕ್ಕೆ ಏನಾಗಿದೆ?

ಬೆಂಬಲ ನಿಂತಿತೆಂದರೆ ಕಂಪ್ಯೂಟರ್ ನಿಲ್ಲುತ್ತದೆ ಎಂದಲ್ಲ. ವೈರಸ್ ಮತ್ತು ಕಳ್ಳರು ನುಸುಳುವ ಹೊಸ ಕಿಂಡಿಗಳನ್ನು ಮುಚ್ಚುವ ತೇಪೆಗಳು ಎಂದಿನಂತೆ ತಾವಾಗಿ ಬರುವುದಿಲ್ಲ, ಅಷ್ಟೇ. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಈ ಭದ್ರತಾ ತೇಪೆಗಳನ್ನು ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಇದು ಅವಧಿಯ ವಿಸ್ತರಣೆಯೇ ಹೊರತು ಪರಿಹಾರವಲ್ಲ.

2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆಗಿದ್ದರೆ, ಒಂದೆರಡು ಮಾದರಿಗಳನ್ನು ಬಿಟ್ಟು, 8ನೇ ಪೀಳಿಗೆ ಅಥವಾ ಅದರ ನಂತರದ್ದು ಇರಬೇಕು. ಹೀಗಾಗಿ 2017ಕ್ಕೂ ಮೊದಲು ಕೊಂಡ ಯಂತ್ರಗಳು ಬಹುಪಾಲು ಹೊರಗುಳಿದಿವೆ. ಇನ್ನೂ ವಿಂಡೋಸ್ 7 ಬಳಸುತ್ತಿರುವವರ ಪಾಡು ಇನ್ನೂ ಕಷ್ಟ. ಆಟಗಳ ಅಂಗಡಿಯಾದ ಸ್ಟೀಮ್ ಕೂಡ 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ಕೈಬಿಟ್ಟಿದೆ.

ಅಸೆಂಬಲ್ಡ್ ಕಂಪ್ಯೂಟರ್ ಜತೆ 'ಡೂಪ್ಲಿಕೇಟ್' ವಿಂಡೋಸ್ ಹಾಕಿಸಿಕೊಂಡವರು ಕಡಿಮೆಯಿಲ್ಲ. ಪರವಾನಗಿ ಮುರಿಯುವ ಈ ಪುಟ್ಟ ತಂತ್ರಾಂಶಗಳ ಜತೆಯಲ್ಲಿಯೇ ಎಷ್ಟೋ ಸಲ ವೈರಸ್ ಕೂಡ ಮನೆ ಸೇರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಲಿನಕ್ಸ್ ಎಂದರೇನು?

1991ರಲ್ಲಿ ಫಿನ್ಲೆಂಡ್‌ನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲಾರಂಭಿಸಿದ ತಿರುಳು ತಂತ್ರಾಂಶವೇ ಲಿನಕ್ಸ್. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ್ದ ಗ್ನು ಯೋಜನೆಯ ಸಲಕರಣೆಗಳು ಅದಕ್ಕೆ ಜತೆಗೂಡಿ, ಪೂರ್ಣ ಪ್ರಮಾಣದ ಆಪರೇಟಿಂಗ್ ಸಿಸ್ಟಮ್ ಸಿದ್ಧವಾಯಿತು. ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ತಿದ್ದಬಹುದು. ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಇದೇ ತಿರುಳು. ಲಿನಕ್ಸ್ ತಮಗೆ ಅಪರಿಚಿತ ಎಂದುಕೊಂಡವರು ದಿನವೂ ಅದನ್ನು ಬಳಸುತ್ತಲೇ ಇದ್ದಾರೆ.

ಲಿನಕ್ಸ್‌ಗೆ ಅನೇಕ 'ವಿತರಣೆ'ಗಳಿವೆ. ಜೋಳದ ಹಿಟ್ಟು ಒಂದೇ ಆದರೂ ಒಂದು ಮನೆಯಲ್ಲಿ ಬಿಸಿರೊಟ್ಟಿ, ಇನ್ನೊಂದು ಮನೆಯಲ್ಲಿ ಖಡಕ್ ರೊಟ್ಟಿ ಆಗುವಂತೆ ಇದು. 2004ರಲ್ಲಿ ಬಂದ ಉಬುಂಟು ಇವುಗಳಲ್ಲಿ ಹೆಸರಾದದ್ದು. 2005ರಿಂದ 2011ರವರೆಗೆ ಅದರ ಸಿಡಿಗಳನ್ನು ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದರು. ಭಾರತದ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಭಾರತೀಯ ಭಾಷೆಗಳ ಬೆಂಬಲವಿರುವ ಬಾಸ್ ಲಿನಕ್ಸ್ ಅನ್ನು ಹೊರತಂದಿತು.

ಹೊಸಬರಿಗೆ ಯಾವುದು?

ವಿಂಡೋಸ್‌ಗೆ ಒಗ್ಗಿದ ಕೈಗೆ ಲಿನಕ್ಸ್ ಮಿಂಟ್ ಸುಲಭ. ಕೆಳಗಿನ ಪಟ್ಟಿ, ಎಡ ಮೂಲೆಯ ಮೆನು, ಬಲ ಮೂಲೆಯ ಗಡಿಯಾರ ಎಲ್ಲವೂ ವಿಂಡೋಸ್ 7ನ್ನು ನೆನಪಿಸುತ್ತವೆ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ.

* 4 ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರಕ್ಕೆ: ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಹಗುರವಾದದ್ದು.
* 8 ಜಿಬಿ ಅಥವಾ ಹೆಚ್ಚು ಇದ್ದರೆ: ಸಿನಮನ್ ಆವೃತ್ತಿ. ನೋಡಲು ಅಂದ, ಸೌಕರ್ಯವೂ ಹೆಚ್ಚು.
* 32 ಬಿಟ್‌ನ ತೀರಾ ಹಳೆಯ ಪ್ರೊಸೆಸರ್ ಇದ್ದರೆ: ಮಿಂಟ್ 22 ನಡೆಯುವುದಿಲ್ಲ.

ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಯಾವ ಆಪರೇಟಿಂಗ್ ಸಿಸ್ಟಮ್ ಇದ್ದರೂ ಯಂತ್ರದ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಖರ್ಚು ಮಾಡುವುದಿದ್ದರೆ ಮೊದಲ ಖರ್ಚು ಇದಕ್ಕಿರಲಿ.

ಯಾವ ಕೆಲಸ ಸಾಗುತ್ತದೆ, ಯಾವುದು ನಿಲ್ಲುತ್ತದೆ?

ಬ್ರೌಸರ್‌ನಲ್ಲಿ ಆಗುವ ಕೆಲಸಗಳೆಲ್ಲ ಲಿನಕ್ಸ್‌ನಲ್ಲಿಯೂ ಆಗುತ್ತವೆ ಎಂದು ತಿಳಿದರೆ ಅರ್ಧ ಆತಂಕ ಕಳೆಯುತ್ತದೆ. ಮಹಾಭೂಲೇಖದ ಉತಾರಾ, ಭೀಮೆಯ ಆಚೆ ಇಂಡಿ ಅಥವಾ ಚಡಚಣದ ಕಡೆ ಹೊಲ ಇದ್ದವರಿಗೆ ಬೇಕಾದ ಕರ್ನಾಟಕದ ಪಹಣಿ, ಡಿಜಿಲಾಕರ್, ವಾಟ್ಸ್‌ಆಪ್ ವೆಬ್, ಯೂಟ್ಯೂಬ್ ಎಲ್ಲಕ್ಕೂ ಫೈರ್‌ಫಾಕ್ಸ್ ಅಥವಾ ಕ್ರೋಮ್ ಸಾಕು. ಬಾಲಭಾರತಿಯ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳ ಪಿಡಿಎಫ್ ಹಾಗೆಯೇ ತೆರೆಯುತ್ತದೆ. ಪತ್ರ, ಅರ್ಜಿ, ಲೆಕ್ಕದ ಹಾಳೆಗೆ ಲಿಬ್ರೆ ಆಫೀಸ್ ಜತೆಗೇ ಬರುತ್ತದೆ. ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ಅದು ತೆರೆಯುತ್ತದೆ. ಜಟಿಲ ವಿನ್ಯಾಸವಿದ್ದರೆ ಸಾಲುಗಳು ಅಲ್ಲಲ್ಲಿ ಸರಿದಾಡುವುದುಂಟು.

ಈ ಕೆಳಗಿನವರು ವಿಂಡೋಸ್ ಅನ್ನು ಪೂರ್ತಿ ಬಿಡುವ ಮುನ್ನ ಎರಡು ಸಲ ಯೋಚಿಸಬೇಕು:

* ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು.
* ವಿಂಡೋಸ್‌ಗಾಗಿ ಕೊಂಡ ಶ್ರೀಲಿಪಿ, ಪೇಜ್‌ಮೇಕರ್, ಫೋಟೋಶಾಪ್‌ಗಳಲ್ಲಿ ಲಗ್ನಪತ್ರಿಕೆ, ಬ್ಯಾನರ್ ಮಾಡುವವರು.
* ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಸಾಧನ ಬಳಸುವ ಸೇವಾಕೇಂದ್ರದವರು. ಇವುಗಳಲ್ಲಿ ಅನೇಕ ಸಾಧನಗಳ ಚಾಲಕ ತಂತ್ರಾಂಶ ವಿಂಡೋಸ್‌ಗಾಗಿ ಮಾತ್ರ ಇರುತ್ತದೆ.
* ಎಂಎಸ್-ಸಿಐಟಿ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಗಳು. ಅದರ ಅಭ್ಯಾಸ ವಿಂಡೋಸ್ ಮತ್ತು ಎಂಎಸ್ ಆಫೀಸ್ ಸುತ್ತಲೇ ಇದೆ.

ಪ್ರಿಂಟರ್ ಕುರಿತು ಒಂದು ಮಾತು. ಎಚ್‌ಪಿಯ ಬಹಳಷ್ಟು ಪ್ರಿಂಟರ್‌ಗಳು ತಾವಾಗಿಯೇ ಗುರುತಾಗುತ್ತವೆ. ನಮ್ಮ ಕಡೆ ಅಂಗಡಿ ಅಂಗಡಿಯಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ಗೆ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ.

ಒಂದೇ ಬೆರಳು, ಎರಡು ಲಿಪಿ

ಗಡಿಭಾಗದವರಿಗೆ ಲಿನಕ್ಸ್‌ನಿಂದ ದೊಡ್ಡ ಲಾಭ ಆಗುವುದು ಟೈಪಿಂಗ್‌ನಲ್ಲಿ. ಮನೆಯ ಪತ್ರ ಕನ್ನಡದಲ್ಲಿ, ತಹಶೀಲ್ದಾರ ಕಚೇರಿಯ ಅರ್ಜಿ ಮರಾಠಿಯಲ್ಲಿ ಬರೆಯುವ ಊರುಗಳಿವು. ಎರಡಕ್ಕೂ ಬೇರೆ ಬೇರೆ ತಂತ್ರಾಂಶ, ಬೇರೆ ಬೇರೆ ಕೀಲಿಮಣೆ ಕಲಿಯುವುದು ಹಲವರಿಗೆ ತಲೆನೋವು.

ಲಿನಕ್ಸ್‌ನ ಕೀಲಿಮಣೆ ವ್ಯವಸ್ಥೆಯಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಮೊದಲೇ ಇವೆ. ಎರಡು ವಿನ್ಯಾಸಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ಇನ್‌ಸ್ಕ್ರಿಪ್ಟ್: ಭಾರತ ಸರಕಾರದ ಅಧಿಕೃತ ವಿನ್ಯಾಸ. ಎಲ್ಲ ಭಾರತೀಯ ಲಿಪಿಗಳಿಗೂ ಅಕ್ಷರಗಳ ಸ್ಥಾನ ಒಂದೇ. ಮರಾಠಿ ಇನ್‌ಸ್ಕ್ರಿಪ್ಟ್ ಗೊತ್ತಿದ್ದವರು ಕನ್ನಡವನ್ನು ಪ್ರತ್ಯೇಕವಾಗಿ ಕಲಿಯಬೇಕಿಲ್ಲ.

ಕಗಪ: ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಿಂದ ಮನೆಮಾತಾದ ವಿನ್ಯಾಸ. ಇಂಗ್ಲಿಷ್ ಅಕ್ಷರದ ಧ್ವನಿಗೆ ಹೊಂದಿಸಿರುವುದರಿಂದ 'ಕೆ' ಒತ್ತಿದರೆ ಕ, 'ಎಂ' ಒತ್ತಿದರೆ ಮ, 'ಎಲ್' ಒತ್ತಿದರೆ ಲ ಮೂಡುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಲಿನಕ್ಸ್‌ನಲ್ಲಿ ಇದೇ ಕಗಪ ವಿನ್ಯಾಸ ಮರಾಠಿಗೂ ಇದೆ. ನುಡಿಯಲ್ಲಿ ಪಳಗಿದ ಬೆರಳುಗಳು ಅದೇ ಅಭ್ಯಾಸದಲ್ಲಿ ದೇವನಾಗರಿಯನ್ನೂ ಬರೆಯಬಹುದು.

ಸೇರಿಸುವ ಕ್ರಮ ಸರಳ. ಮೆನುವಿನಲ್ಲಿ ಕೀಬೋರ್ಡ್ ಸೆಟ್ಟಿಂಗ್ ತೆರೆದು, ಲೇಔಟ್ ವಿಭಾಗದಲ್ಲಿ ಕನ್ನಡ ಮತ್ತು ಮರಾಠಿಯನ್ನು ಸೇರಿಸಿ, ಭಾಷೆ ಬದಲಿಸಲು ಒಂದು ಕೀಲಿ ಜೋಡಿಯನ್ನು ಗೊತ್ತು ಮಾಡಿಕೊಂಡರೆ ಆಯಿತು. ಮೂಡುವುದು ಯೂನಿಕೋಡ್ ಅಕ್ಷರವಾದ್ದರಿಂದ ಮಿಂಚಂಚೆಯಲ್ಲಿಯೂ ಸರಕಾರಿ ತಾಣಗಳ ಅರ್ಜಿಯಲ್ಲಿಯೂ ಅದು ಹಾಗೆಯೇ ನಿಲ್ಲುತ್ತದೆ.

ಹಳೆಯ ನುಡಿ, ಬರಹ, ಶ್ರೀಲಿಪಿ, ಕೃತಿದೇವ್ ಫಾಂಟುಗಳಲ್ಲಿ ಮಾಡಿಟ್ಟ ಕಡತಗಳು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಇದು ಲಿನಕ್ಸ್‌ನ ದೋಷವಲ್ಲ. ಆ ಫಾಂಟು ಇಲ್ಲದ ವಿಂಡೋಸ್ ಯಂತ್ರದಲ್ಲಿಯೂ ಹೀಗೆಯೇ ಆಗುತ್ತದೆ. ಬೇಕಾದ ಕಡತಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಜಾಣತನ.

ಆಟಗಳ ಮಾತೇನು?

ಮನೆಯ ಹುಡುಗರ ಮೊದಲ ಪ್ರಶ್ನೆ ಇದೇ. ಹತ್ತು ವರ್ಷ ಹಿಂದಾಗಿದ್ದರೆ 'ಆಟ ಬೇಕಿದ್ದರೆ ವಿಂಡೋಸ್ ಬಿಡಬೇಡಿ' ಎಂದು ಹೇಳಬೇಕಾಗುತ್ತಿತ್ತು. ಈಗ ಹಾಗಿಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಎಂಬ ಯೋಜನೆ 1993ರಿಂದಲೂ ಇದೆ. ಅದರ ಮೇಲೆ ಸ್ಟೀಮ್‌ನ ಒಡೆತನ ಹೊಂದಿರುವ ವಾಲ್ವ್ ಕಂಪನಿಯು 2018ರಲ್ಲಿ ಪ್ರೋಟಾನ್ ಎಂಬ ಸಾಧನವನ್ನು ಕಟ್ಟಿತು. 2022ರಲ್ಲಿ ಅದೇ ಕಂಪನಿ ಲಿನಕ್ಸ್ ಮೇಲೆ ನಡೆಯುವ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಲ್ಲಿಂದ ಸಾವಿರಾರು ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ಆಡುವಂತಾಗಿವೆ.

ಆಟಗಳನ್ನು ನಾಲ್ಕು ಗುಂಪು ಮಾಡಿ ನೋಡಿದರೆ ಗೊಂದಲವಿರುವುದಿಲ್ಲ.

1. ಲಿನಕ್ಸ್‌ಗೆಂದೇ ಇರುವ ಉಚಿತ ಆಟಗಳು: ಇಸ್ಪೀಟು, ಮೈನ್ಸ್, ಚೆಸ್ ಎಲ್ಲ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತವೆ. ಗಾಡಿ ಓಡಿಸುವ ಸೂಪರ್‌ಟಕ್ಸ್‌ಕಾರ್ಟ್, ಸರದಿಯ ಮೇಲೆ ಯುದ್ಧ ಮಾಡುವ ಬ್ಯಾಟಲ್ ಫಾರ್ ವೆಸ್ನಾತ್, ಪ್ರಾಚೀನ ಸಾಮ್ರಾಜ್ಯಗಳ ಕದನವಾದ 0 ಎ.ಡಿ. ಜನಪ್ರಿಯ. 0 ಎ.ಡಿ.ಯಲ್ಲಿ ಮೌರ್ಯರ ಪಕ್ಷ ವಹಿಸಿ ಆನೆಗಳೊಂದಿಗೆ ಕಾದಾಡಬಹುದು. ಚಿಕ್ಕ ಮಕ್ಕಳಿಗೆ ಜಿಕಾಂಪ್ರಿ ಮತ್ತು ಟಕ್ಸ್‌ಪೇಂಟ್ ಇವೆ.

2. ಸೈಬರ್ ಕೆಫೆ ಕಾಲದ ಹಳೆಯ ಆಟಗಳು: ವೈಸ್ ಸಿಟಿ, ಐಜಿಐ, ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್, ಕ್ರಿಕೆಟ್ 07 ಮುಂತಾದವನ್ನು ವೈನ್ ಅಥವಾ ಲುಟ್ರಿಸ್ ಮೂಲಕ ಬಹುಮಟ್ಟಿಗೆ ಆಡಿಸಬಹುದು. ಪ್ರಿನ್ಸ್ ಆಫ್ ಪರ್ಷಿಯಾ, ಡೇಂಜರಸ್ ಡೇವ್‌ನಂಥ ಡಾಸ್ ಆಟಗಳಿಗೆ ಡಾಸ್‌ಬಾಕ್ಸ್ ಇದೆ. ಕೆಲವು ಮೂಲ ಸಿಡಿಗಳಲ್ಲಿರುವ ನಕಲು ತಡೆಯುವ ಬೀಗ ತೊಂದರೆ ಕೊಡಬಹುದು. ಈ ಬೀಗಗಳಲ್ಲಿ ಕೆಲವು ವಿಂಡೋಸ್ 10ರಲ್ಲಿಯೂ ತೆರೆಯುವುದಿಲ್ಲ.

3. ಸ್ಟೀಮ್‌ನ ಆಟಗಳು: ಕೌಂಟರ್-ಸ್ಟ್ರೈಕ್, ಡೋಟಾ 2 ನೇರವಾಗಿ ಲಿನಕ್ಸ್‌ಗೇ ಇವೆ. ಮಿಕ್ಕವನ್ನು ಪ್ರೋಟಾನ್ ನಡೆಸುತ್ತದೆ. ಎಪಿಕ್ ಮತ್ತು ಜಿಒಜಿ ಅಂಗಡಿಗಳ ಆಟಕ್ಕೆ ಹೀರೋಯಿಕ್ ಎಂಬ ತಂತ್ರಾಂಶವಿದೆ. ಸ್ಟೀಮ್‌ನ ಹೊರಗೆ ಸಿಗುವ ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯೂ ನೇರವಾಗಿ ಆಡುತ್ತದೆ.

4. ಆಡಲಾಗದ ಆಟಗಳು: ವ್ಯಾಲರಂಟ್, ಫೋರ್ಟ್‌ನೈಟ್, ಕಾಲ್ ಆಫ್ ಡ್ಯೂಟಿಯ ಹೊಸ ಆವೃತ್ತಿಗಳು, ಕಂಪ್ಯೂಟರ್‌ನ ಪಬ್‌ಜಿ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ಮೋಸ ಮಾಡುವವರನ್ನು ಹಿಡಿಯುವ ಇವುಗಳ ಕಾವಲು ತಂತ್ರಾಂಶ ಲಿನಕ್ಸ್ ಅನ್ನು ಒಳಗೆ ಬಿಡುವುದಿಲ್ಲ. ಮೊದಲು ನಡೆಯುತ್ತಿದ್ದ ಏಪೆಕ್ಸ್ ಲೆಜೆಂಡ್ಸ್ ಮತ್ತು ಜಿಟಿಎ ಆನ್‌ಲೈನ್ ಕೂಡ 2024ರಲ್ಲಿ ಬಾಗಿಲು ಮುಚ್ಚಿದವು. ಬಿಜಿಎಂಐ, ಫ್ರೀ ಫೈರ್‌ಗಳನ್ನು ಬ್ಲೂಸ್ಟ್ಯಾಕ್ಸ್ ಮೂಲಕ ಕಂಪ್ಯೂಟರ್‌ನಲ್ಲಿ ಆಡುತ್ತಿದ್ದವರು ಫೋನಿಗೇ ಮರಳಬೇಕು; ಬ್ಲೂಸ್ಟ್ಯಾಕ್ಸ್ ಲಿನಕ್ಸ್‌ಗೆ ಇಲ್ಲ.

ಹಳೆಯ ಯಂತ್ರದವರು ಇನ್ನೊಂದು ಸಂಗತಿ ಗಮನಿಸಬೇಕು. ಪ್ರೋಟಾನ್‌ಗೆ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಬೇಕು. ಇಂಟೆಲ್‌ನ 6ನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್‌ಗಳಲ್ಲಿ ಇದು ಸರಿಯಾಗಿದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ 4ನೇ ಪೀಳಿಗೆ ಮತ್ತು ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಅದರ ಬೆಂಬಲ ಅಪೂರ್ಣ. ಅಂಥ ಕಡೆ ಮೊದಲೆರಡು ಗುಂಪಿನ ಆಟಗಳಿಗೇ ತೃಪ್ತಿಪಡಬೇಕು. ಎನ್ವಿಡಿಯಾ ಕಾರ್ಡ್ ಇದ್ದರೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು ಅದರ ಚಾಲಕವನ್ನು ಹಾಕಿಕೊಳ್ಳಬೇಕು.

ಬದಲಾಯಿಸುವ ಮುನ್ನ ಆಟಗಳ ಹೆಸರನ್ನು ಪ್ರೋಟಾನ್‌ಡಿಬಿ ತಾಣದಲ್ಲಿ ಹುಡುಕುವುದು ಒಳ್ಳೆಯದು. ಆಡಿ ನೋಡಿದವರ ಅನುಭವದ ಮೇಲೆ ಅಲ್ಲಿ ಪ್ಲಾಟಿನಂ, ಗೋಲ್ಡ್, ಸಿಲ್ವರ್ ಎಂಬ ದರ್ಜೆಗಳಿವೆ. ಗೋಲ್ಡ್ ಅಥವಾ ಮೇಲಿನದಾದರೆ ಚಿಂತೆಯಿಲ್ಲ.

ಹಾಕುವ ಕ್ರಮ

1. ಫೋಟೋ, ಲಗ್ನದ ವಿಡಿಯೋ, ಅಂಕಪಟ್ಟಿ, ಜಮೀನಿನ ಕಾಗದದ ಸ್ಕ್ಯಾನ್ ಎಲ್ಲವನ್ನೂ ಬೇರೆ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು.

2. ವಿಂಡೋಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಆಯ್ಕೆಯನ್ನು ಆರಿಸಬೇಕು, ಅಂದರೆ ಬಂದ್ ಮಾಡಬೇಕು. ಬಿಟ್‌ಲಾಕರ್ ಇದ್ದರೆ ಅದರ ಕೀಲಿ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಬೇಕು.

3. ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಕಡತ ಇಳಿಸಿಕೊಳ್ಳಬೇಕು. ಅದು ಸುಮಾರು 3 ಜಿಬಿ ಇರುತ್ತದೆ. ರೂಫಸ್ ಅಥವಾ ಎಚರ್ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಅದನ್ನು ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ.

4. ಕಂಪ್ಯೂಟರ್ ಶುರುವಾಗುವಾಗ ಬೂಟ್ ಮೆನು ಕೀಲಿ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್ ಆರಿಸಿದರೆ ಹಾರ್ಡ್‌ಡಿಸ್ಕನ್ನು ಮುಟ್ಟದೆ ಮಿಂಟ್ ತೆರೆದುಕೊಳ್ಳುತ್ತದೆ.

5. ಇಲ್ಲಿಯೇ ವೈಫೈ, ಧ್ವನಿ, ಪ್ರಿಂಟರ್, ಕನ್ನಡ ಮತ್ತು ಮರಾಠಿ ಟೈಪಿಂಗ್ ಪರೀಕ್ಷಿಸಬೇಕು. ಒಂದೆರಡು ದಿನ ಹೀಗೆಯೇ ಬಳಸಿ ನೋಡಿದರೂ ನಷ್ಟವಿಲ್ಲ.

6. ಮನಸ್ಸು ಒಪ್ಪಿದರೆ ಇನ್‌ಸ್ಟಾಲ್ ಒತ್ತಿ, ವಿಂಡೋಸ್‌ನ ಪಕ್ಕದಲ್ಲಿ ಹಾಕುವ ಆಯ್ಕೆಯನ್ನು ತೆಗೆದುಕೊಳ್ಳಬೇಕು. ಡಿಸ್ಕ್ ಅಳಿಸುವ ಆಯ್ಕೆಯನ್ನು ಅಪ್ಪಿತಪ್ಪಿಯೂ ಒತ್ತಬಾರದು. ಮಿಂಟ್‌ಗೆ ಕನಿಷ್ಠ 20 ಜಿಬಿ ಬೇಕು. ಆಟ ಆಡುವವರಿಗೆ 100 ಜಿಬಿ ಇದ್ದರೆ ಒಳ್ಳೆಯದು.

7. ಲ್ಯಾಪ್‌ಟಾಪ್ ಚಾರ್ಜರ್‌ಗೆ ಸಿಕ್ಕಿಸಿರಬೇಕು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಲೋಡ್‌ಶೆಡ್ಡಿಂಗ್ ವೇಳೆ ನೋಡಿಕೊಂಡೇ ಕೆಲಸ ಶುರುಮಾಡಬೇಕು. ನಡುವೆ ಕರೆಂಟು ಹೋದರೆ ಡಿಸ್ಕ್‌ನಲ್ಲಿದ್ದದ್ದಕ್ಕೆ ಅಪಾಯ.

ಮೊದಲ ವಾರದ ತೊಡಕುಗಳು

ಲಿನಕ್ಸ್ ಬಳಸಿ ಮತ್ತೆ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ತಾಸು ಹಿಂದೆ ತೋರಿಸಬಹುದು. ಲಿನಕ್ಸ್ ಯಂತ್ರದ ಗಡಿಯಾರವನ್ನು ಅಂತರರಾಷ್ಟ್ರೀಯ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಸಮಯ ಎಂದು ಓದುತ್ತದೆ. ಯಂತ್ರ ಕೆಟ್ಟಿಲ್ಲ; ಸೆಟ್ಟಿಂಗ್‌ನಲ್ಲಿ ಸಮಯ ಹೊಂದಿಸಿದರೆ ಸಾಕು.

ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಒತ್ತುವಾಗ ತೆರೆಯ ಮೇಲೆ ಚುಕ್ಕೆಯೂ ಕಾಣದಿರಬಹುದು. ಕೀಲಿ ಕೆಟ್ಟಿದೆ ಎಂದು ಗಾಬರಿ ಬೇಡ, ಒತ್ತಿ ಎಂಟರ್ ಮಾಡಿದರೆ ಆಗುತ್ತದೆ. ವಿಂಡೋಸ್‌ನ ಸೆಟಪ್ ಕಡತಗಳನ್ನು ಅಲ್ಲಿ ಇಲ್ಲಿ ಹುಡುಕಿ ತರುವ ಅಭ್ಯಾಸ ಬಿಟ್ಟು, ಬೇಕಾದ್ದನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಪಡೆಯಬೇಕು. ಟೈಮ್‌ಶಿಫ್ಟ್ ಎಂಬ ಸೌಲಭ್ಯವನ್ನು ಮೊದಲ ದಿನವೇ ಚಾಲೂ ಮಾಡಿದರೆ, ಏನಾದರೂ ಕೆಟ್ಟಾಗ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸಬಹುದು. ಸ್ಟೀಮ್ ಆಟಗಳನ್ನು ವಿಂಡೋಸ್‌ನ ಡಿ ಡ್ರೈವ್‌ನಲ್ಲಿಟ್ಟು ಆಡುವುದಕ್ಕಿಂತ ಲಿನಕ್ಸ್‌ನ ಜಾಗದಲ್ಲಿಯೇ ಇಟ್ಟರೆ ತಕರಾರು ಕಡಿಮೆ.

ಇನ್ನೊಂದು ಗಡಿಯ ಉದಾಹರಣೆ

ಹಳ್ಳಿಯ ಮಕ್ಕಳಿಗೆ ಲಿನಕ್ಸ್ ಆಗಿಬರುವುದೇ ಎಂಬ ಶಂಕೆಗೆ ಕನ್ನಡ ನಾಡಿನ ಇನ್ನೊಂದು ಗಡಿಯಲ್ಲಿ ಉತ್ತರವಿದೆ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ ಐಟಿ@ಸ್ಕೂಲ್ ಯೋಜನೆಯು ಮುಂದೆ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಕಂಪನಿಯಾಯಿತು. ಶಾಲೆಗಳಿಗಾಗಿಯೇ ಉಬುಂಟು ಆಧರಿಸಿ ಸಿದ್ಧಪಡಿಸಿದ ಲಿನಕ್ಸ್ ಅನ್ನು ಅದು ಹಂಚುತ್ತದೆ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಪಾಠ ಕಲಿಯುವುದು, ಹತ್ತನೇ ತರಗತಿಯ ಪ್ರಾಯೋಗಿಕ ಪರೀಕ್ಷೆ ಬರೆಯುವುದು ಲಿನಕ್ಸ್ ಮೇಲೆಯೇ. ಅವರಿಗೆ ವಿಂಡೋಸ್ ಎರಡನೆಯದು. ಕನ್ನಡದಲ್ಲಿ ಓದಿ ತಿಳಿಯಬಯಸುವವರಿಗೆ ಓಂಶಿವಪ್ರಕಾಶ್ ಅವರ 'ಲಿನಕ್ಸಾಯಣ' ಬರಹಗಳಿವೆ.

ಕೊನೆಗೆ ಯಾರು, ಯಾವಾಗ?

ಬ್ರೌಸರ್, ಪತ್ರ, ಪಠ್ಯಪುಸ್ತಕ, ಹಳೆಯ ಆಟ ಇಷ್ಟೇ ಬೇಕಾದವರು ಇಂದೇ ಬದಲಾಯಿಸಬಹುದು. ಟ್ಯಾಲಿ, ಬೆರಳಚ್ಚು ಯಂತ್ರ, ಎಂಎಸ್-ಸಿಐಟಿ ಇದ್ದವರು ಎರಡನ್ನೂ ಇಟ್ಟುಕೊಳ್ಳಬೇಕು. ಬೆಂಬಲವಿಲ್ಲದ ವಿಂಡೋಸ್ ಕಡೆಯಿಂದ ಬ್ಯಾಂಕಿನ ವ್ಯವಹಾರ ಮಾತ್ರ ಮಾಡಬಾರದು. ವ್ಯಾಲರಂಟ್‌ನಂಥ ಆಟವೇ ಬೇಕೆನ್ನುವವರು ವಿಂಡೋಸ್ 11 ನಡೆಯುವ ಯಂತ್ರಕ್ಕೆ ಹಣ ಕೂಡಿಸುವವರೆಗೆ ಕಾಯುವುದು ಲೇಸು.

ಉಳಿದ ಮನೆಗಳಿಗೆ ಅವಸರವಿಲ್ಲ. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಎರಡು ಭಾಷೆಗಳನ್ನು ಸಲೀಸಾಗಿ ನಡೆಸಿಕೊಂಡು ಬಂದವರಿಗೆ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆ ಇರಿಸಿಕೊಳ್ಳುವುದು ಕಷ್ಟವೇನಲ್ಲ. ಆರು ತಿಂಗಳು ಹಾಗೆ ನಡೆಸಿ, ವಿಂಡೋಸ್ ಎಷ್ಟು ಸಲ ಬೇಕಾಯಿತು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡರೆ, ಮುಂದಿನ ನಿರ್ಧಾರವನ್ನು ಆ ಕ್ಯಾಲೆಂಡರೇ ಹೇಳುತ್ತದೆ.